ಕಾರಿನ ನೆನಪು, ದಾರಿಯ ನೆನಪು

ಇತ್ತೀಚೆಗೆ ಒಂದು ಸಂಗತಿ ಎಲ್ಲೆಡೆ ಕಣ್ಣಿಗೆ ಬೀಳುತ್ತಿದೆ. ಹಳೆಯ ಫಿಯಾಟ್ ಕಾರು, ಅಂಬಾಸಿಡರ್ ಕಾರು, ಮರದ ಪೆಟ್ಟಿಗೆಯ ರೇಡಿಯೋ, ಕಂದೀಲು, ಬಾಡಿಗೆಯ ಸೈಕಲ್ಲು ಇವುಗಳ ಚಿತ್ರಗಳು ಒಬ್ಬರ ಮೊಬೈಲಿನಿಂದ ಇನ್ನೊಬ್ಬರ ಮೊಬೈಲಿಗೆ ಹರಿದಾಡುತ್ತಿವೆ. ಚಿತ್ರದ ಕೆಳಗೆ ‘ಆ ದಿನಗಳು ಇನ್ನು ಬಾರವು’ ಎಂದು ಬರೆದಿರುತ್ತದೆ. ಹಿರಿಯರು ಅದನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. ಹುಡುಗರು ‘ಇದೂ ಒಂದು ಕಾರೇ?’ ಎಂದು ನಗುತ್ತಾರೆ. ಹೀಗೆ ನಿಟ್ಟುಸಿರು ಒಂದು ಕಡೆ, ನಗೆ ಒಂದು ಕಡೆ ಆಗಿ, ಆ ಕಾಲವು ನಿಜವಾಗಿ ಹೇಗಿತ್ತು ಎಂಬ ವಿಚಾರ ಮಾತ್ರ ನಡುವೆಯೇ ಉಳಿದುಹೋಗುತ್ತದೆ. ವಿದ್ಯಾರ್ಥಿಗಳೂ ಪಾಲಕರೂ ಒಟ್ಟಿಗೆ ಓದುವ ಈ ವಾರ್ಷಿಕ ಸಂಚಿಕೆಯಲ್ಲಿ ಆ ವಿಚಾರವನ್ನು ಎತ್ತಿಕೊಳ್ಳುವುದು ಉಚಿತವೆಂದು ನಮಗೆ ತೋರಿತು.

ನಾವು, ಅಂದರೆ ಇಂದು ನಲವತ್ತರ ಆಚೆ ಈಚೆ ಇರುವ ಶಿಕ್ಷಕರು, ಆ ಕಾಲದ ಬಾಲವನ್ನಷ್ಟೇ ಕಂಡವರು. ಎರಡನೆಯ ಮಹಾಯುದ್ಧ ೧೯೪೫ರಲ್ಲಿ ಮುಗಿಯಿತು. ಅಲ್ಲಿಂದ ಮುಂದಿನ ಮೂವತ್ತು-ಮೂವತ್ತೈದು ವರ್ಷಗಳ ಬಾಳು ನಮಗೆ ತಿಳಿದಿರುವುದು ತಂದೆ-ತಾಯಿ, ಅಜ್ಜ-ಅಜ್ಜಿಯರ ಬಾಯಿಂದ ಮತ್ತು ಪುಸ್ತಕಗಳಿಂದ. ಆದುದರಿಂದ ಆ ದಿನಗಳ ಮೇಲೆ ನಮಗೆ ಮೋಹವೂ ಇದೆ, ಸ್ವಲ್ಪ ದೂರ ನಿಂತು ನೋಡುವ ಅನುಕೂಲವೂ ಇದೆ.

ಮೊದಲು ಕಾರಿನ ಮಾತು. ಫಿಯಾಟ್ ಕಾರನ್ನು ಮುಂಬಯಿಯ ಕಾರು ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ಅದರ ಕಥೆಗೆ ನಮ್ಮ ಸೊಲ್ಲಾಪುರದ ನಂಟು ಇದೆ ಎಂಬುದು ನಮ್ಮ ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಿರಲಾರದು. ಆ ಕಾರನ್ನು ತಯಾರಿಸಿದ ಪ್ರೀಮಿಯರ್ ಕಂಪನಿಯನ್ನು ಕಟ್ಟಿದವರು ವಾಲಚಂದ ಹಿರಾಚಂದರು. ಅವರು ೧೮೮೨ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿ. ೧೯೪೦ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರಖಾನೆಯನ್ನು ಆರಂಭಿಸಿದವರೂ ಅವರೇ. ನಮ್ಮ ದೇಶದಲ್ಲಿಯೇ ಮೋಟಾರು ತಯಾರಾಗಬೇಕೆಂದು ಅವರಿಗಿಂತ ಮುಂಚೆ ೧೯೩೦ರ ದಶಕದಲ್ಲಿ ಯೋಜನೆ ಹಾಕಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅದಕ್ಕಾಗಿ ಅವರು ಯುರೋಪು, ಅಮೆರಿಕಗಳನ್ನು ಸುತ್ತಿ ಅಲ್ಲಿಯ ಕಾರಖಾನೆಗಳನ್ನು ನೋಡಿ ಬಂದರು. ಪರಕೀಯ ಸರಕಾರ ಕೈ ಹಿಡಿಯಲಿಲ್ಲ. ಕೊನೆಗೆ ೧೯೪೪ರಲ್ಲಿ ವಾಲಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿಯನ್ನು ಸ್ಥಾಪಿಸಿದರು. ಅದಕ್ಕೂ ಎರಡು ವರ್ಷ ಮೊದಲು, ೧೯೪೨ರಲ್ಲಿ, ಬಿರ್ಲಾ ಮನೆತನದವರು ಹಿಂದುಸ್ಥಾನ್ ಮೋಟರ್ಸ್ ಕಂಪನಿಯನ್ನು ಆರಂಭಿಸಿದ್ದರು. ಒಬ್ಬ ಕನ್ನಡಿಗನ ಕನಸು ಮತ್ತು ಸೊಲ್ಲಾಪುರದಲ್ಲಿ ಹುಟ್ಟಿದ ಒಬ್ಬನ ಸಾಹಸ ಈ ದೇಶದ ಕಾರಿನ ಬೆನ್ನ ಹಿಂದೆ ಇವೆ ಎಂಬುದು ಗಡಿನಾಡಿನವರಾದ ನಮಗೆ ಹೆಮ್ಮೆಯ ವಿಷಯ.

ಯುದ್ಧಕಾಲದಲ್ಲಿ ಪೆಟ್ರೋಲು ಸಿಗುವುದೇ ದುರ್ಲಭವಾಗಿತ್ತು. ಬಸ್ಸಿಗೆ ಒಂದು ದೊಡ್ಡ ಉರುಳೆಯನ್ನು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಗಾಡಿ ಓಡಿಸುತ್ತಿದ್ದರು. ಏರು ಬಂದರೆ ಉತಾರುಗಳು ಇಳಿದು ನೂಕಬೇಕಾಗುತ್ತಿತ್ತು ಎಂದು ಹಿರಿಯರು ನಗುತ್ತ ಹೇಳುತ್ತಾರೆ. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಜೀಪುಗಳೂ ಲಾರಿಗಳೂ ಮಾರಾಟಕ್ಕೆ ಬಂದವು. ಸ್ವಾತಂತ್ರ್ಯ ಬಂದ ಮೇಲೆ, ಬಿಡಿಭಾಗಗಳನ್ನು ಹೊರದೇಶದಿಂದ ತಂದು ಇಲ್ಲಿ ಜೋಡಿಸಿ ಮಾರಿದರೆ ಸಾಲದು, ಇಲ್ಲಿಯೇ ತಯಾರಿಸಬೇಕು ಎಂದು ಸರಕಾರ ಹಟ ಹಿಡಿಯಿತು. ಫೋರ್ಡ್, ಜನರಲ್ ಮೋಟರ್ಸ್ ಮೊದಲಾದ ಅಮೆರಿಕದ ಕಂಪನಿಗಳು ೧೯೫೩-೫೪ರ ಹೊತ್ತಿಗೆ ಬಾಗಿಲು ಹಾಕಿಕೊಂಡು ಹೋದವು. ಉಳಿದವು ಮುಖ್ಯವಾಗಿ ಮೂರು: ಕಲಕತ್ತೆಯ ಹತ್ತಿರ ಉತ್ತರಪಾಡಾದ ಹಿಂದುಸ್ಥಾನ್, ಮುಂಬಯಿಯ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್.

ಅಂಬಾಸಿಡರ್ ಕಾರು ಹುಟ್ಟಿದ್ದು ೧೯೫೭ರಲ್ಲಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಅಚ್ಚಿನಲ್ಲಿ ಎರಕ ಹೊಯ್ದಂತೆ ಅದು ತಯಾರಾಯಿತು. ಮೂಲ ಕಾರು ತನ್ನ ದೇಶದಲ್ಲಿ ಮೂಲೆಗುಂಪಾದ ಮೇಲೂ ಇಲ್ಲಿ ಅದು ೨೦೧೪ರ ಮೇ ತಿಂಗಳವರೆಗೆ ತಯಾರಾಗುತ್ತಲೇ ಇತ್ತು. ಮುಂದೆ ಬೆಂಚಿನಂತಹ ಒಂದೇ ಆಸನ. ಗೇರಿನ ದಂಡ ಸ್ಟೇರಿಂಗಿನ ಪಕ್ಕದಲ್ಲಿ. ದೀಪ ತಗ್ಗಿಸುವ ಗುಂಡಿ ಕಾಲಡಿಯಲ್ಲಿ. ಇಟಲಿಯ ಫಿಯಾಟ್ ಕಂಪನಿಯ ಒಪ್ಪಂದದಿಂದ ೧೯೫೦ರ ದಶಕದಲ್ಲಿ ಪ್ರೀಮಿಯರ್ ಕಂಪನಿ ಹೊರತಂದ ಗುಂಡು ಮೈಯ ಕಾರಿಗೆ ಮುಂಬಯಿಯ ಜನ ‘ಡುಕ್ಕರ್ ಫಿಯಾಟ್’ ಎಂದು ಹೆಸರಿಟ್ಟರು. ಮರಾಠಿ ಬಲ್ಲ ನಮ್ಮ ಮಕ್ಕಳಿಗೆ ಡುಕ್ಕರ್ ಎಂದರೆ ಹಂದಿ ಎಂದು ಹೇಳಿಕೊಡಬೇಕಾಗಿಲ್ಲ. ಮುಂದೆ ೧೯೭೪ರ ಸುಮಾರಿಗೆ ಇದೇ ಮನೆತನದ ಕಾರು ‘ಪದ್ಮಿನಿ’ ಎಂಬ ರಾಣಿಯ ಹೆಸರನ್ನು ಪಡೆಯಿತು. ಹಂದಿಯೆಂದು ಕರೆಸಿಕೊಂಡು ರಾಣಿಯಾದ ಭಾಗ್ಯ ಬೇರಾವ ಗಾಡಿಗೆ ಸಿಕ್ಕೀತು! ೨೦೨೩ರ ಅಕ್ಟೋಬರ್‌ನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ಬೀದಿಯಿಂದ ಮರೆಯಾದಾಗ ಕಣ್ಣಲ್ಲಿ ನೀರು ತಂದುಕೊಂಡವರೂ ಉಂಟು.

ಈ ಹಂಬಲ ತಪ್ಪೆಂದು ನಾವು ಹೇಳುವುದಿಲ್ಲ. ಅದರ ಹಿಂದೆ ಒಳ್ಳೆಯ ಕಾರಣಗಳಿವೆ. ಆ ಕಾರು ಕೆಟ್ಟರೆ ಊರಿನ ಮಿಸ್ತ್ರಿಯೇ ಸರಿಮಾಡಬಲ್ಲವನಾಗಿದ್ದ. ಬಾನೆಟ್ ಎತ್ತಿದರೆ ಒಳಗಿನದೆಲ್ಲ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟುಕುತ್ತಿತ್ತು. ಯಾವ ಭಾಗ ಏನು ಮಾಡುತ್ತದೆಂದು ಹುಡುಗನೊಬ್ಬ ಮಗ್ಗುಲಲ್ಲಿ ನಿಂತು ನೋಡಿಯೇ ಕಲಿಯುತ್ತಿದ್ದ. ಕಾರು ಒಂದು ಮನೆಯದಾದರೂ ಅದರ ಉಪಯೋಗ ಓಣಿಗೆಲ್ಲ. ಹೆರಿಗೆಯ ಬೇನೆ ಬಂದವಳಿಗೆ, ಹಾವು ಕಚ್ಚಿದವನಿಗೆ, ಲಗ್ನದ ಮದುಮಕ್ಕಳಿಗೆ ಅದೇ ಗಾಡಿ. ಬರಿಯ ಕಾರಲ್ಲ, ಬದುಕೆಲ್ಲ ಹಾಗೆಯೇ ಇತ್ತು. ರೇಡಿಯೋಕ್ಕೆ ಅಂಚೆ ಕಚೇರಿಯಲ್ಲಿ ಲಾಯಸನ್ಸು ಮಾಡಿಸಬೇಕಾಗಿದ್ದ ಕಾಲ ಅದು. ಒಂದು ಮನೆಯ ರೇಡಿಯೋದ ಎದುರು ಹತ್ತು ಮನೆಯವರು ಕುಳಿತು ಕೇಳುತ್ತಿದ್ದರು. ಸೈಕಲ್ಲನ್ನು ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ತಂದು ನಾಲ್ಕು ಹುಡುಗರು ಸರದಿಯ ಮೇಲೆ ತುಳಿಯುತ್ತಿದ್ದರು. ಸೊಲ್ಲಾಪುರದಲ್ಲಿ ಗಿರಣಿಯ ಭೋಂಗಾ ಕೂಗಿದರೆ ಗಡಿಯಾರ ಇಲ್ಲದ ಮನೆಗೂ ಹೊತ್ತು ತಿಳಿಯುತ್ತಿತ್ತು. ಸಂಕ್ರಮಣದ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಗೆ ಹೊರಟರೆ ಚಕ್ಕಡಿಯಲ್ಲಿ ಬುತ್ತಿಯ ಗಂಟು, ಕಟಕ ರೊಟ್ಟಿ, ಶೇಂಗಾ ಹಿಂಡಿ. ಅವು ಕಟ್ಟಿದವರಿಗಷ್ಟೇ ಅಲ್ಲ, ದಾರಿಯಲ್ಲಿ ಸಿಕ್ಕವರಿಗೂ. ವಸ್ತುಗಳು ಕಡಿಮೆ ಇದ್ದುದರಿಂದ ಹಂಚಿಕೊಳ್ಳುವುದು ಹೆಚ್ಚಾಗಿತ್ತು ಎಂಬ ಹಿರಿಯರ ಮಾತಿನಲ್ಲಿ ಸತ್ಯವಿದೆ.

ಆದರೆ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ದೂರದ ಕಾಲಕ್ಕೂ ಸಲ್ಲುತ್ತದೆ. ಹತ್ತಿರ ಹೋಗಿ ನೋಡಿದರೆ ಕಲ್ಲು-ಮುಳ್ಳು ಕಾಣುತ್ತವೆ. ೧೯೭೦ರ ದಶಕದಲ್ಲಿ ಇಡೀ ಭಾರತದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳು ಐವತ್ತು ಸಾವಿರವನ್ನೂ ಮುಟ್ಟುತ್ತಿರಲಿಲ್ಲ. ೨೦೨೩-೨೪ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳು ನಲವತ್ತು ಲಕ್ಷಕ್ಕೂ ಹೆಚ್ಚು. ಆಗ ಎಷ್ಟು ತಯಾರಿಸಬೇಕೆಂಬುದಕ್ಕೂ ಸರಕಾರದ ಪರವಾನಿಗೆ ಬೇಕು. ಹಣ ಕಟ್ಟಿದವನೂ ಕಾರಿಗಾಗಿ ವರ್ಷಗಟ್ಟಲೆ ಕಾಯಬೇಕು. ಬಜಾಜ್ ಸ್ಕೂಟರಿಗೆ ಹೆಸರು ಹಚ್ಚಿ, ಮಗ ಹುಟ್ಟಿದಾಗ ಬರೆಸಿದ್ದು ಅವನು ಶಾಲೆಗೆ ಹೋಗುವಾಗ ಬಂತು ಎಂದು ಹೇಳುವವರಿದ್ದಾರೆ. ೧೯೮೩ರ ಡಿಸೆಂಬರ್‌ನಲ್ಲಿ ಮಾರುತಿ ೮೦೦ ಬಂದಾಗ ಜನ ಮುಗಿಬಿದ್ದುದು ಸುಮ್ಮನೆ ಅಲ್ಲ. ನಾವು ಈಗ ಯಾವ ಕಾರನ್ನು ನೆನೆದು ನಿಟ್ಟುಸಿರು ಬಿಡುತ್ತೇವೋ, ಅದಕ್ಕಾಗಿ ಕಾದು ಕಾದು ದಣಿದಿದ್ದವರು ಅವರು.

ಆ ಕಾರುಗಳಲ್ಲಿ ಇಂದಿನ ರಕ್ಷಣೆಯ ಸಾಧನಗಳಿರಲಿಲ್ಲ. ಸೊಂಟಪಟ್ಟಿಯೂ ಇಲ್ಲ, ಗಾಳಿಚೀಲವೂ ಇಲ್ಲ. ಅಂದಿನ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಆ ಹೊಗೆ ಎಳೆಯ ಮಕ್ಕಳ ಮಿದುಳಿಗೆ ಕೇಡು ಮಾಡುತ್ತದೆಂದು ತಿಳಿದ ಮೇಲೆ ಹಂತಹಂತವಾಗಿ ಕಡಿಮೆ ಮಾಡಿ, ೨೦೦೦ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲನ್ನು ನಿಲ್ಲಿಸಲಾಯಿತು. ಹಳೆಯ ಗಾಡಿಯ ಪೆಟ್ರೋಲಿನ ವಾಸನೆ ಎಷ್ಟು ಚೆನ್ನ ಎನ್ನುವವರು ಇದನ್ನೂ ನೆನೆಯಬೇಕು.

ಇದಕ್ಕಿಂತ ದೊಡ್ಡ ಮಾತೊಂದಿದೆ. ೧೯೫೧ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಓದು-ಬರಹ ಬಲ್ಲವರು ನೂರಕ್ಕೆ ಹದಿನೆಂಟು ಜನ ಮಾತ್ರ. ಹೆಂಗಸರಲ್ಲಿ ನೂರಕ್ಕೆ ಒಂಬತ್ತು. ಜನರ ಸರಾಸರಿ ಆಯುಷ್ಯ ಮೂವತ್ತೆರಡು ವರ್ಷದ ಆಸುಪಾಸು. ಇಂದು ನಮ್ಮ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತು ಕೈ ಎತ್ತಿ ಉತ್ತರ ಹೇಳುವ ಹುಡುಗಿಯರನ್ನು ಕಂಡಾಗ, ಇವರಲ್ಲಿ ಎಷ್ಟು ಜನ ಆ ‘ಒಳ್ಳೆಯ ಕಾಲ’ದಲ್ಲಿ ಶಾಲೆಯ ಮೆಟ್ಟಿಲು ಹತ್ತುತ್ತಿದ್ದರು ಎಂಬ ಪ್ರಶ್ನೆ ಮನಸ್ಸಿನಲ್ಲಿ ಏಳದೆ ಇರದು. ಮೊಬೈಲಿನಲ್ಲಿ ಬರುವ ಚಿತ್ರದಲ್ಲಿ ಕಾರಿನ ಪಕ್ಕದಲ್ಲಿ ಟೋಪಿ-ಕೋಟು ಹಾಕಿ ನಿಂತವರು ಇರುತ್ತಾರೆ. ಅವರ ಮನೆಯ ಬಾವಿಯಿಂದ ನೀರು ಸೇದಿ ತಂದವಳು ಆ ಚಿತ್ರದಲ್ಲಿ ಇರುವುದಿಲ್ಲ. ಚಿತ್ರದಲ್ಲಿ ಇಲ್ಲದವರು ಬದುಕಿನಲ್ಲಿಯೂ ಇರಲಿಲ್ಲವೆಂದು ನಾವು ತಿಳಿಯಬಾರದು.

ಹಾಗೆ ಚಿತ್ರದಲ್ಲಿ ಇಲ್ಲದವರಲ್ಲಿ ಮೊದಲನೆಯವರು ಯಾರು? ಕಾರು ಓಡುವುದು ದಾರಿಯ ಮೇಲೆ. ಆ ದಾರಿಯನ್ನು ಮಾಡಿದವರು ಯಾರು? ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ೧೯೭೨-೭೩ರ ಬರಗಾಲವನ್ನು ಕಂಡ ಅಜ್ಜ-ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮಹಾರಾಷ್ಟ್ರಕ್ಕೆಲ್ಲ ಬಂದ ಆ ಬರ ಸೊಲ್ಲಾಪುರ ಜಿಲ್ಲೆಯನ್ನು ಬಹಳವಾಗಿ ಕಾಡಿತು. ಬಾವಿ ಬತ್ತಿದವು, ದನಕರುಗಳು ಸತ್ತವು. ಎಕರೆಗಟ್ಟಲೆ ಹೊಲ ಇದ್ದ ಒಕ್ಕಲಿಗನೂ ಹೆಂಡತಿ-ಮಕ್ಕಳೊಡನೆ ಸರಕಾರಿ ಕಾಮಗಾರಿಗೆ ಹೊರಟ. ಲಕ್ಷಾಂತರ ಜನ ಕೆರೆ ತೋಡಿದರು, ಹೊಲಗಳಿಗೆ ಒಡ್ಡು ಹಾಕಿದರು, ರಸ್ತೆಗಳಿಗೆ ಮಣ್ಣು ಹೊತ್ತರು, ಸುತ್ತಿಗೆ ಹಿಡಿದು ಖಡಿ ಒಡೆದರು. ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಿಂದರು. ಕೆಲಸದ ಜಾಗದಲ್ಲಿ ಹಂಚುತ್ತಿದ್ದ ‘ಸುಖಡಿ’ಯ ರುಚಿಯನ್ನು ಅಜ್ಜಿಯರು ಇಂದಿಗೂ ಮರೆತಿಲ್ಲ. ಬಿಳಿಜೋಳದ ನಾಡಿನ ಜನರಿಗೆ ಆ ಕೆಂಪು ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ; ಆದರೂ ಮಕ್ಕಳನ್ನು ಅದರಿಂದಲೇ ಬದುಕಿಸಿಕೊಂಡರು. ಆ ಕಷ್ಟದ ದಿನಗಳ ಪಾಠದಿಂದಲೇ ಮಹಾರಾಷ್ಟ್ರದಲ್ಲಿ ರೋಜಗಾರ ಹಮಿ ಯೋಜನೆ ಬೇರೂರಿ ೧೯೭೭ರಲ್ಲಿ ಕಾಯಿದೆಯಾಯಿತು. ೨೦೦೫ರಲ್ಲಿ ಇಡೀ ದೇಶಕ್ಕೆ ಬಂದ ಉದ್ಯೋಗ ಖಾತರಿ ಕಾಯಿದೆಗೂ ಅದು ಮಾದರಿಯಾಯಿತು.

ಅಂಬಾಸಿಡರ್ ಕಾರು ಹುಟ್ಟಿದ ವರ್ಷ ಯಾವುದೆಂದು ಕೇಳಿದರೆ ಮೊಬೈಲು ತಕ್ಷಣ ಹೇಳುತ್ತದೆ. ನಮ್ಮ ಊರಿನ ರಸ್ತೆಗೆ ಖಡಿ ಒಡೆದವರು ಯಾರೆಂದು ಕೇಳಿದರೆ ಯಾವ ಮೊಬೈಲೂ ಹೇಳಲಾರದು. ಅದನ್ನು ಹೇಳಬಲ್ಲವರು ಕಟ್ಟೆಯ ಮೇಲೆ, ಪಡಸಾಲೆಯ ಮೂಲೆಯಲ್ಲಿ ಕುಳಿತಿದ್ದಾರೆ. ಅವರನ್ನು ಯಾರೂ ಕೇಳುತ್ತಿಲ್ಲ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದನೆಂದು ಎಂಟುನೂರು ವರ್ಷಗಳಿಗೂ ಮೇಲೆ ನೆನಪಿಟ್ಟುಕೊಂಡ ಸೀಮೆ ನಮ್ಮದು. ಐವತ್ತು ವರ್ಷದ ಹಿಂದೆ ನಮ್ಮ ಮನೆಯವರೇ ಹೊತ್ತ ಮಣ್ಣಿನ ಬುಟ್ಟಿಯನ್ನು ಮರೆತರೆ ಅದು ನಮಗೆ ಶೋಭೆಯಲ್ಲ.

ಇನ್ನು ಆ ದಾರಿಯ ಮೇಲೆ ನಮ್ಮ ಜನರನ್ನು ನಿಜವಾಗಿ ಹೊತ್ತು ತಿರುಗಿದ ಗಾಡಿ ಫಿಯಾಟೂ ಅಲ್ಲ, ಅಂಬಾಸಿಡರೂ ಅಲ್ಲ. ಅದು ನಮ್ಮ ಕೆಂಪು ಎಸ್.ಟಿ. ಬಸ್ಸು. ೧೯೪೮ರ ಜೂನ್ ೧ರಂದು ಪುಣೆಯಿಂದ ಅಹಮದನಗರಕ್ಕೆ ಮೊದಲ ಎಸ್.ಟಿ. ಹೊರಟಿತು. ರಸ್ತೆ ಇದ್ದಲ್ಲಿ ಎಸ್.ಟಿ. ಎಂಬುದು ಅದರ ಘೋಷವಾಕ್ಯವಾಯಿತು. ೧೯೫೬ರಲ್ಲಿ ರಾಜ್ಯಗಳು ಮರುವಿಂಗಡಣೆಯಾಗಿ ವಿಜಾಪುರ ಆ ಕಡೆಗೆ, ಅಕ್ಕಲಕೋಟ, ಸೊಲ್ಲಾಪುರ, ಜತ್ತ ಈ ಕಡೆಗೆ ಆದವು. ಆದರೂ ಬೀಗತನ, ಜಾತ್ರೆ, ಸಂತೆ, ಭಾಷೆ ಇವು ನಡುವೆ ಹರಿದುಹೋಗದಂತೆ ಹೊಲಿಗೆ ಹಾಕಿದ್ದು ಬಸ್ಸು ಮತ್ತು ರೈಲು. ಅತ್ತೆಯ ಮನೆ ಒಂದು ರಾಜ್ಯದಲ್ಲಿ, ತವರು ಇನ್ನೊಂದು ರಾಜ್ಯದಲ್ಲಿ ಇರುವ ನಮ್ಮ ತಾಯಂದಿರಿಗೆ ಇದರ ಬೆಲೆ ಗೊತ್ತು. ಇಂದಿಗೂ ಗ್ರಾಮೀಣ ಭಾಗದ ನಮ್ಮ ಹೆಣ್ಣುಮಕ್ಕಳು ಅಹಿಲ್ಯಾಬಾಯಿ ಹೋಳ್ಕರ್ ಹೆಸರಿನ ಯೋಜನೆಯಲ್ಲಿ ಪುಕ್ಕಟೆ ಪಾಸು ಪಡೆದು ಇದೇ ಬಸ್ಸಿನಲ್ಲಿ ಶಾಲೆಗೆ ಬರುತ್ತಾರೆ. ಹಳೆಯ ಕಾರಿನ ಚಿತ್ರಕ್ಕೆ ಸಾವಿರ ಜನ ಮೆಚ್ಚುಗೆ ಕೊಡುತ್ತಾರೆ. ಹುಡುಗಿಯೊಬ್ಬಳನ್ನು ಹತ್ತನೆಯ ಇಯತ್ತೆಯವರೆಗೆ ಮುಟ್ಟಿಸಿದ ಬಸ್ಸಿನ ಚಿತ್ರವನ್ನು ಯಾರೂ ಕಳಿಸುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಗೌರವಕ್ಕೆ ಹೆಚ್ಚು ಅರ್ಹವಾದದ್ದು ಈ ಎರಡನೆಯ ಗಾಡಿ.

ಹಾಗಾದರೆ ಆ ಕಾಲದಿಂದ ನಾವು ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು? ಕೊರತೆಯನ್ನು ಬಿಡೋಣ, ಅದನ್ನು ಹೊಗಳುವುದು ಹಸಿದವನ ಮುಂದೆ ಉಪವಾಸದ ಮಹಿಮೆ ಹೇಳಿದಂತೆ. ಕಾರು ಕೊಳ್ಳುವ ಶಕ್ತಿ ಬಂದವರು ಕೊಳ್ಳಲಿ, ಸಂತೋಷ. ಉಳಿಸಿಕೊಳ್ಳಬೇಕಾದದ್ದು ಮೂರು ಗುಣ. ಒಂದು, ಕೆಟ್ಟದ್ದನ್ನು ಎಸೆಯುವ ಮೊದಲು ಸರಿಮಾಡಲು ನೋಡುವುದು. ಎರಡು, ನಮ್ಮ ಗಾಡಿಯಲ್ಲಿ ಜಾಗವಿದ್ದರೆ ಬಿಸಿಲಲ್ಲಿ ನಿಂತ ನೆರೆಯವರನ್ನು ಕೂಡಿಸಿಕೊಳ್ಳುವುದು. ಮೂರು, ಕಾಯುವುದು.

ಈ ಮೂರನೆಯ ಗುಣದ ಬಗ್ಗೆ ಪಾಲಕ ಬಂಧುಗಳಲ್ಲಿ ಎರಡು ಮಾತು. ಎಂಟನೆಯ, ಒಂಬತ್ತನೆಯ ಇಯತ್ತೆಯ ಹುಡುಗರು ಮೋಟಾರಸೈಕಲ್ ಏರಿ ಬರುವುದನ್ನು ನಾವು ದಿನಾಲು ನೋಡುತ್ತೇವೆ. ಗೇರಿನ ಮೋಟಾರಸೈಕಲ್ ನಡೆಸಲು ಹದಿನೆಂಟು ವರ್ಷ ತುಂಬಿರಬೇಕು. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಸಿನವನು ವಾಹನ ನಡೆಸಿ ಅಪರಾಧವಾದರೆ ಪಾಲಕರಿಗೆ ಅಥವಾ ವಾಹನದ ಮಾಲಕರಿಗೆ ಮೂರು ವರ್ಷದವರೆಗೆ ಸೆರೆವಾಸ, ಇಪ್ಪತ್ತೈದು ಸಾವಿರ ರೂಪಾಯಿ ದಂಡ. ದಂಡದ ಮಾತು ಹಾಗಿರಲಿ, ಮಗುವಿನ ಜೀವಕ್ಕೆ ಬೆಲೆ ಕಟ್ಟಲಾದೀತೇ? ಒಂದು ಸ್ಕೂಟರಿಗಾಗಿ ವರ್ಷಗಟ್ಟಲೆ ಕಾದ ಹಿರಿಯರನ್ನು ಹೊಗಳುವ ನಾವು, ಮಗನಿಗೆ ಮೂರು ವರ್ಷ ತಡೆದುಕೊ ಎಂದು ಹೇಳಲಾರೆವೇ? ಹಳೆಯ ಕಾಲದ ಮೇಲಿನ ನಮ್ಮ ಪ್ರೀತಿ ನಿಜವಾದುದಾದರೆ ಅದು ಇಂತಹ ಕಡೆಗಳಲ್ಲಿ ಕಾಣಬೇಕು.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸವನ್ನು ಹೇಳಬೇಕೆಂದಿದ್ದೇವೆ. ಈ ಬೇಸಗೆಯ ರಜೆಯಲ್ಲಿ ನಿಮ್ಮ ಮನೆಯ ಅಥವಾ ಓಣಿಯ ಹಿರಿಯರೊಬ್ಬರ ಹತ್ತಿರ ಕುಳಿತುಕೊಳ್ಳಿರಿ. ಅಜ್ಜಾ, ನೀವು ಮೊದಲು ಯಾವ ಗಾಡಿ ಹತ್ತಿದಿರಿ? ಅಜ್ಜೀ, ಬರಗಾಲದ ವರ್ಷ ನೀವು ಎಲ್ಲಿ ಕೆಲಸಕ್ಕೆ ಹೋಗಿದ್ದಿರಿ? ಯಾವ ರಸ್ತೆಗೆ ಖಡಿ ಒಡೆದಿರಿ? ಆಗ ಮನೆಯಲ್ಲಿ ಒಲೆಯ ಮೇಲೆ ಏನು ಇರುತ್ತಿತ್ತು? ಹೀಗೆ ಕೇಳಿರಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಪುಸ್ತಕದ ಕನ್ನಡಕ್ಕೆ ತಿದ್ದಲು ಹೋಗಬೇಡಿರಿ. ನೊಗ, ಗಾಲಿ, ಕೀಲೆಣ್ಣೆ, ಕೊಲ್ಲಾರಿ ಚಕ್ಕಡಿ, ಹಗೇವು, ಬುತ್ತಿ ಎಂಬ ಮಾತುಗಳು ಅವರ ಬಾಯಲ್ಲಿ ಎಷ್ಟು ಸಹಜವಾಗಿ ಬರುತ್ತವೆಂಬುದನ್ನು ಕಿವಿಗೊಟ್ಟು ಕೇಳಿರಿ. ನಡುವೆ ಮರಾಠಿ ಶಬ್ದ ಬಂದರೆ ಅದನ್ನೂ ಹಾಗೆಯೇ ಬರೆಯಿರಿ. ಅದು ನಮ್ಮ ನಾಡಿನ ಮಾತಿನ ರೀತಿ, ನಾಚಿಕೆಪಡುವಂತಹುದಲ್ಲ. ಗಡಿಯ ಈಚೆಗಿನ ನಮ್ಮ ಕನ್ನಡದ ಇತಿಹಾಸವನ್ನು ಬೇರೆಯವರು ಬಂದು ಬರೆಯುತ್ತಾರೆಂದು ಕಾದು ಕುಳಿತರೆ, ಬರೆಯುವವರು ಬರುವಷ್ಟರಲ್ಲಿ ಹೇಳುವವರು ಇರುವುದಿಲ್ಲ.

ಒಬ್ಬೊಬ್ಬ ವಿದ್ಯಾರ್ಥಿ ಎರಡು ಪುಟ ಬರೆದು ತಂದರೂ ಮುಂದಿನ ವರ್ಷದ ಸಂಚಿಕೆಯಲ್ಲಿ ಅದಕ್ಕೆ ಜಾಗ ಮಾಡಿಕೊಡುವ ಹೊಣೆ ಕನ್ನಡ ಶಿಕ್ಷಕರದು. ಹಳೆಯ ಕಾರಿನ ಚಿತ್ರ ಮುಂದೆಯೂ ಮೊಬೈಲಿಗೆ ಬರುತ್ತಲೇ ಇರುತ್ತದೆ. ಅದನ್ನು ನೋಡಿ ಸಂತೋಷಪಡಿರಿ. ಆಮೇಲೆ ಮೊಬೈಲನ್ನು ಅಲ್ಲಿಯೇ ಇಟ್ಟು, ಅಜ್ಜಿಯ ಅಂಗೈಯನ್ನು ಒಮ್ಮೆ ಹಿಡಿದು ನೋಡಿರಿ. ಸುತ್ತಿಗೆ ಹಿಡಿದು ಗಟ್ಟಿಯಾದ ಕೈ ಅದಾಗಿದ್ದರೆ, ನೀವು ದಿನವೂ ಶಾಲೆಗೆ ಬರುವ ದಾರಿ ಅಲ್ಲಿಂದಲೇ ಹೊರಟಿದೆ ಎಂದು ತಿಳಿಯಿರಿ.